ಕೋಡಿಯಮ್ಮನ ಮುಂದಿನ ಹೆಗಲು

ಹುಣಸೆಕೋಡಿಯ ಕೋಡಿಯಮ್ಮ ಮಾತಾಡುವುದು ಕಾಲಿನಿಂದ. ಆ ಕಾಲೂ ಅವಳದಲ್ಲ, ಎರಡು ಮನೆತನಗಳದು. ಕೆರೆಯ ಕೋಡಿ ಹರಿಯುವ ಜಾಗದಲ್ಲಿ ಅವಳ ಗುಡಿ. ಗರ್ಭಗುಡಿಯ ಕಲ್ಲಿನ ತಾಯಿ ಕೂತಲ್ಲೇ ಕೂತಿರುತ್ತಾಳೆ. ಊರಿಗೆ ಏನಾದರೂ ಕೇಳುವುದಿದ್ದರೆ ಹಿತ್ತಾಳೆ ಮುಖದ ಅಡ್ಡೆಯನ್ನು ಹೊರಗೆ ತರುತ್ತಾರೆ. ಅಡ್ಡೆ ಅಂದರೆ ಎರಡು ಉದ್ದನೆಯ ಮರದ ಗಳು, ನಡುವೆ ಪೀಠ, ಪೀಠದ ಮೇಲೆ ಅಮ್ಮ. ಗಳುಗಳ ಮಧ್ಯೆ ಮುಂದೊಬ್ಬ ಹಿಂದೊಬ್ಬ ನಿಂತು ಎರಡೂ ಹೆಗಲ ಮೇಲೆ ಹೊತ್ತುಕೊಳ್ಳುತ್ತಾರೆ. ಆಮೇಲೆ ಕೇಳಬೇಕು. ಹೌದಾದರೆ ಅಮ್ಮ ಮುಂದಕ್ಕೆ ನಡೆಯುತ್ತಾಳೆ, ಅಲ್ಲವಾದರೆ ಹಿಂದಕ್ಕೆ ಸರಿಯುತ್ತಾಳೆ. ಕಳೆದದ್ದನ್ನು ಹುಡುಕಿಕೊಡು ತಾಯಿ ಅಂದರೆ ಹೊರಟೇಬಿಡುತ್ತಾಳೆ. ಹೊತ್ತವರು ಅವಳ ಹಿಂದೆ ಹೋದಂತೆಯೂ ಕಾಣುತ್ತದೆ, ಅವಳನ್ನು ಕರೆದುಕೊಂಡು ಹೋದಂತೆಯೂ ಕಾಣುತ್ತದೆ.

ಅಮ್ಮನಿಗೆ ಉಡಿಸಿದ ಸೀರೆಗಳು ಎರಡೂ ಕಡೆಗೆ ಇಳಿಬಿದ್ದಿರುವುದರಿಂದ ಹೊತ್ತ ಇಬ್ಬರಲ್ಲಿ ಒಬ್ಬನಿಗೆ ಇನ್ನೊಬ್ಬ ಕಾಣುವುದಿಲ್ಲ. ಹೊತ್ತವರು ಮಾತಾಡುವಂತಿಲ್ಲ. ಮುಂದಿನವನಂತೂ ತಿರುಗಿ ನೋಡಲೇಬಾರದು. ನೋಡಿದರೆ ಏನಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ನೋಡಿದವರು ಯಾರೂ ಇರಲಿಲ್ಲವಲ್ಲ.

ಈ ಮುಂದಿನ ಹೆಗಲು ಈರಪ್ಪನದು. ಅವನ ಅಪ್ಪನದೂ ಅದೇ ಆಗಿತ್ತು. ಹಿಂದಿನ ಹೆಗಲು ಚಿಕ್ಕಬೀರಪ್ಪನ ಮನೆತನದ್ದು.

ಈರಪ್ಪನಿಗೆ ಹೊಟ್ಟೆಪಾಡು ತೆಂಗಿನಕಾಯಿ ಸುಲಿಯುವುದು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಮೂರು ಸಲ ತಿರುವಿದರೆ ಮಟ್ಟೆ ಕಳಚಿ ಬೀಳಬೇಕು. ಕಡೂರಿನ ಮಂಡಿಯವರು, ತರೀಕೆರೆ ಕಡೆಯ ತೋಟದವರು ಅವನಿಗೆ ಹೇಳಿಕಳಿಸುತ್ತಿದ್ದರು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇದು ಉಂಡೆ ಕೊಬ್ಬರಿ ಆಗಿದೆ, ಇದು ಇನ್ನೂ ಇಲ್ಲ, ಇದು ಕೊಳೆತಿದೆ ಅಂತ ಒಡೆಯದೆಯೇ ಹೇಳುತ್ತಿದ್ದ. ಮಾತು ಕಡಿಮೆ. ತಾಯಿ ಹೋದಾಗ ಇನ್ನೂ ಚಿಕ್ಕವನು. ಅಣ್ಣನ ಹೆಂಡತಿ ಹುಲಿಗೆಮ್ಮ ರೊಟ್ಟಿ ಬಡಿದು ಹಾಕಿ ಬೆಳೆಸಿದ್ದಳು. ಅಣ್ಣ ಹಾವು ಕಚ್ಚಿ ಸತ್ತ ಮೇಲೆ ಮಕ್ಕಳಿಲ್ಲದ ಅತ್ತಿಗೆ ಪಕ್ಕದ ಒಂದಂಕಣದ ಮನೆಯಲ್ಲಿ ಒಬ್ಬಳೇ ಇದ್ದಳು. ರಾಗಿ ಬೀಸಿಕೊಡುವಳು, ಮುಂಜಾನೆ ಕೋಡಿಯಮ್ಮನ ಗುಡಿಯಂಗಳ ಗುಡಿಸುವಳು. ಹಾಸ್ಯದ ಹೆಂಗಸು. ಅವಳ ಮುಂದೆ ಕೂತವನು ನಗದೆ ಏಳುತ್ತಿರಲಿಲ್ಲ.

ಅಪ್ಪ ಸಾಯುವ ಮುಂಚೆ ಈರಪ್ಪನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ಒಂದೇ ಮಾತು. "ಹೆಗಲು ಕೊಡು. ಮನಸ್ಸು ಕೊಡಬ್ಯಾಡ."

ಅದು ಹೇಗೆ ಅಂತ ಅಪ್ಪ ಹೇಳಲಿಲ್ಲ. ಈರಪ್ಪ ತಾನೇ ಒಂದು ದಾರಿ ಕಂಡುಕೊಂಡ. ಗಳು ಹೆಗಲಿಗೆ ಬಂದ ಕೂಡಲೇ ಕಣ್ಣು ಅರೆಮುಚ್ಚಿ, ತಾನು ಸುಲಿದ ಕಾಯಿಗಳ ರಾಶಿಯನ್ನು ನೆನೆಯುವನು. ರಾಶಿ ಬೆಳೆಯುತ್ತಾ ಹೋಗಿ ಮನಸ್ಸೆಲ್ಲ ಮಟ್ಟೆಯ ವಾಸನೆ ತುಂಬುತ್ತಿತ್ತು. ಆಗ ಹಿಂದಿನಿಂದ ಮೆಲ್ಲಗೆ ಒಂದು ನೂಕು ಬರುತ್ತಿತ್ತು. ಅದು ಬಂದರೆ ಸಾಕು, ಕಾಲು ತಾನಾಗಿ ಏಳುತ್ತಿತ್ತು.

ಮೊದಮೊದಲು ಆ ನೂಕಿನಲ್ಲಿ ಸಂತೋಷವೇ ಇತ್ತು. ಒಮ್ಮೆ ಪಟೇಲ ಹನುಮಂತಪ್ಪನ ಎತ್ತು ತಪ್ಪಿಸಿಕೊಂಡಾಗ ಅಮ್ಮ ಅಡ್ಡದಾರಿ ಹಿಡಿದು, ಕಳ್ಳಿಬೇಲಿ ಹಾಯ್ದು, ಹಾಳು ಬಾವಿಯ ಅಂಚಿಗೆ ಹೋಗಿ ನಿಂತಳು. ಎತ್ತು ಬಾವಿಯೊಳಗೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮೇಲಕ್ಕೆ ನೋಡುತ್ತಿತ್ತು. ಅಂದು ಸಂಜೆ ಕೆರೆಯಲ್ಲಿ ಮೈ ತೊಳೆಯುವಾಗ ಈರಪ್ಪ ಚಿಕ್ಕಬೀರಪ್ಪನನ್ನು ಕೇಳಿದ.

"ಲೇ ಬೀರ, ನೀನೇನಾರ ನೂಕಿದ್ಯೇನೋ?"

"ನಾನೆಲ್ಲಿ ನೂಕ್ಲಿ? ನೀನೇ ಎಳ್ಕೊಂಡ್ ಓಡ್ತಿದ್ದೆ, ನನ್ ಕಾಲಿಗೆ ಮುಳ್ಳು ಚುಚ್ಚಿದ್ರೂ ಬಿಡ್ಲಿಲ್ಲ."

"ನಾನು ಎಳೀಲಿಲ್ಲ ಕಣೋ."

"ನಾನೂ ನೂಕ್ಲಿಲ್ಲ."

ಇಬ್ಬರೂ ನೀರಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನೂಕಿದವರು ಯಾರು ಅನ್ನುವುದು ಆವತ್ತು ಅವರಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ದೇವರನ್ನು ಕಂಡವರಿಲ್ಲ ಅನ್ನುತ್ತಾರೆ. ತಮಗೆ ಕಾಣುವುದೇ ಬೇಡ, ಹೆಗಲಿಗೆ ಗೊತ್ತಾಗುತ್ತದೆ ಅಂತ ಈರಪ್ಪ ಅಂದುಕೊಂಡ. ಅದೇ ಮಾತು ಮುಂದೆ ಅವನ ನಿದ್ದೆ ಕೆಡಿಸುತ್ತದೆ ಅಂತ ಆವತ್ತು ಅವನಿಗೆ ಗೊತ್ತಿರಲಿಲ್ಲ.

ನಯಾಪೈಸೆ ಚಲಾವಣೆಗೆ ಬಂದ ವರ್ಷ ಅದು. ಮಳೆ ಕೈಕೊಟ್ಟು ಕೆರೆಯ ನೀರು ತಳಕಂಡು, ಕೋಡಿಯ ಕಲ್ಲುಗಳ ಮೇಲೆ ಓತಿಕ್ಯಾತಗಳು ಕೂತು ತಲೆ ಆಡಿಸುತ್ತಿದ್ದವು. ಶುಕ್ರವಾರದ ಪೂಜೆ ಮುಗಿಸಿ ಹಾಕಿದ್ದ ಬಾಗಿಲನ್ನು ಒಂದು ಮಂಗಳವಾರ ಪೂಜಾರಿ ಕಲ್ಲೇಶಪ್ಪ ತೆರೆದು ನೋಡಿದರೆ ಅಮ್ಮನ ಚಿನ್ನದ ಮೂಗುಬಟ್ಟು ಇಲ್ಲ. ಹಿತ್ತಾಳೆಯ ಮೂಗಿನಲ್ಲಿ ಒಂದು ಕಪ್ಪು ತೂತು ಮಾತ್ರ. ಊರು ಗುಡಿಯ ಮುಂದೆ ಸೇರಿತು. ಮೂಗುಬಟ್ಟಿಲ್ಲದ ಆ ಮುಖ ಬೇರೆ ಯಾರದೋ ಮುಖದ ಹಾಗೆ ಕಾಣುತ್ತಿತ್ತು.

"ಕೇಳೋದೇನು? ಅವಳದನ್ನ ಅವಳೇ ಹುಡುಕ್ಕೊಳ್ಲಿ," ಅಂದ ಪಟೇಲ ಹನುಮಂತಪ್ಪ.

ಅಡ್ಡೆ ಎತ್ತುವ ಹೊತ್ತಿಗೆ ಕಲ್ಲೇಶಪ್ಪ ಯಾರಿಗೋ ಹೇಳುತ್ತಿದ್ದ. "ನನಗಿಂತ ಮೊದಲು ಅಂಗಳಕ್ಕೆ ಕಾಲಿಡೋಳು ಹುಲಿಗೆಮ್ಮ ಒಬ್ಬಳೇ ಅಲ್ವಾ. ನಾನೇನೂ ಅಂತಿಲ್ಲಪ್ಪ, ಇದ್ದದ್ದು ಹೇಳಿದೆ."

ಆ ಹೆಸರು ಈರಪ್ಪನ ಕಿವಿಗೆ ಬಿತ್ತು. ಬಿದ್ದದ್ದು ಹೊರಗೆ ಹೋಗಲಿಲ್ಲ. ಕಾಯಿ ರಾಶಿಯನ್ನು ನೆನೆದ. ರಾಶಿಯ ಮೇಲೆ ಅತ್ತಿಗೆ ಪೊರಕೆ ಹಿಡಿದು ನಿಂತಿದ್ದಳು. ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿದ. ಅಷ್ಟರಲ್ಲಿ ಹಿಂದಿನಿಂದ ನೂಕು ಬಂತು.

ಅಮ್ಮ ಓಡಲಿಲ್ಲ. ನಿಧಾನವಾಗಿ, ವಿಳಾಸ ಗೊತ್ತಿದ್ದವಳ ಹಾಗೆ ನಡೆದಳು. ಪಂಚಾಯಿತಿ ಕಟ್ಟೆ ದಾಟಿದಳು, ಕುಂಬಾರರ ಮೂಲೆಯಲ್ಲಿ ತಿರುಗಿದಳು. ತನ್ನ ಓಣಿಗೆ ಬಂದಾಗ ಈರಪ್ಪ ಕಣ್ಣು ತೆರೆದ. ಅಮ್ಮ ಹುಲಿಗೆಮ್ಮನ ಬಾಗಿಲ ಮುಂದೆ ನಿಂತಳು, ಗಳುಗಳ ತುದಿ ಚೌಕಟ್ಟಿಗೆ ಬಡಿಯಿತು. ಒಣ ಮರಕ್ಕೆ ಒಣ ಮರ ಬಡಿದ ಸದ್ದು.

ಕೈಯೆಲ್ಲ ರಾಗಿ ಹಿಟ್ಟಾಗಿದ್ದ ಹುಲಿಗೆಮ್ಮ ಹೊರಗೆ ಬಂದಳು.

"ಯಾಕಪ್ಪ ಈರಪ್ಪ, ದಾರಿ ತಪ್ತಾ?" ಅಂದಳು ನಗುತ್ತಾ. ಯಾರೂ ನಗಲಿಲ್ಲ. ಆಗ ಹಿಂದಿದ್ದ ಜನವನ್ನು ನೋಡಿದಳು.

"ಹುಲಿಗೆಮ್ಮ, ಅಮ್ಮ ಬಂದವಳೆ. ಒಳಗೆ ನೋಡ್ಬೇಕಾಗ್ತದೆ," ಅಂದ ಪಟೇಲ.

"ನೋಡ್ರಿ. ಇರೋದು ಮೂರು ಮಡಕೆ. ಸುರುವಿ ನೋಡ್ರಿ. ಮತ್ತೆ ತುಂಬಿಟ್ಟು ಹೋಗ್ರಿ, ಅಷ್ಟೇ."

ಹೆಂಗಸರು ಒಳಗೆ ಹೋಗಿ ಮಡಕೆ ಸುರುವಿದರು, ಒಲೆಯ ಬೂದಿ ಕೆದಕಿದರು. ಏನೂ ಸಿಗಲಿಲ್ಲ.

"ಸಿಗ್ಲಿಲ್ಲ ಅಂದ್ರೆ ತಗೊಂಡಿಲ್ಲ ಅಂತಲ್ಲ. ಅಜ್ಜಂಪುರದ ಸಂತೆ ಮೊನ್ನೆ ತಾನೆ ಆಯ್ತು," ಅಂದ ಕಲ್ಲೇಶಪ್ಪ.

ಹುಲಿಗೆಮ್ಮ ಅವನ ಕಡೆ ನೋಡಲೂ ಇಲ್ಲ. ನೇರ ಈರಪ್ಪನ ಹತ್ತಿರ ಬಂದು, ಗಳುಗಳ ನಡುವೆ ಬಾಗಿದ್ದ ಅವನ ಮುಖಕ್ಕೆ ಮುಖ ಕೊಟ್ಟು ಕೇಳಿದಳು.

"ನನ್ ಕೈಯಾಗೆ ಉಂಡೋನು ನೀನು. ಹೇಳು. ಇಲ್ಲಿಗೆ ನೀನು ತಂದ್ಯಾ, ಅವಳು ತಂದ್ಳಾ?"

ಹೊತ್ತವನು ಮಾತಾಡುವಂತಿಲ್ಲ. ಊರವರು ಅವನ ಮೌನಕ್ಕೆ ಆ ಕಟ್ಟಳೆಯೇ ಕಾರಣ ಅಂದುಕೊಂಡರು. ಆ ಕಟ್ಟಳೆ ಇಲ್ಲದಿದ್ದರೂ ತನ್ನ ಬಾಯಲ್ಲಿ ಉತ್ತರ ಇರಲಿಲ್ಲ ಅನ್ನುವುದು ಈರಪ್ಪನಿಗೆ ಮಾತ್ರ ಗೊತ್ತು.

ಪಟೇಲ ತೀರ್ಮಾನ ಹೇಳಿದ. ಅಮಾವಾಸ್ಯೆಯೊಳಗೆ ಮೂಗುಬಟ್ಟು ಗುಡಿಗೆ ಬರಬೇಕು, ಇಲ್ಲದಿದ್ದರೆ ಹುಲಿಗೆಮ್ಮ ಊರು ಬಿಡಬೇಕು. ಅಲ್ಲಿಯ ತನಕ ಸೇದುವ ಬಾವಿಗೆ ಅವಳ ಹಗ್ಗ ಇಳಿಯುವಂತಿಲ್ಲ. ಊರು ಬಿಟ್ಟರೆ ಹೋಗುವುದಕ್ಕೆ ಅವಳಿಗೆ ಜಾಗವಿರಲಿಲ್ಲ. ತವರಿನಲ್ಲಿ ದೀಪ ಹಚ್ಚುವವರೂ ಉಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಕಟ್ಟೆಯ ಮುಂದೆ ಬಂದು ನಿಂತಳು.

"ಪಟೇಲರೆ, ಅಮ್ಮಂಗೆ ಎಲ್ಲ ಗೊತ್ತು ತಾನೆ?"

"ಅದೇನು ಕೇಳ್ತೀಯ."

"ಹಂಗಾರೆ ಒಂದು ಕೆಲಸ. ನನ್ನ ಬೀಸೋ ಕಲ್ಲಿನ ಗೂಟ ಎಲ್ಲಿಟ್ಟಿದೀನಿ ಅಂತ ನನಗೊಬ್ಬಳಿಗೇ ಗೊತ್ತು. ಅಮ್ಮ ಹೋಗಿ ಅದನ್ನ ಹುಡುಕ್ಲಿ. ಹುಡುಕಿದ್ರೆ ನಾನೇ ಕಳ್ಳಿ, ಅಮಾಸೆ ಯಾಕೆ, ಆವತ್ತೇ ಹೊರಡ್ತೀನಿ. ಹುಡುಕ್ಲಿಲ್ಲ ಅಂದ್ರೆ ನನ್ನ ಬಾಗಿಲಿಗೆ ಬಂದಿದ್ದು ಅವಳಲ್ಲ ಅಂತ ಒಪ್ಕೊಳ್ರಿ."

"ದೇವರನ್ನ ಪರೀಕ್ಷೆ ಮಾಡ್ತೀಯೇನೇ?" ಅಂದ ಕಲ್ಲೇಶಪ್ಪ.

"ಅವಳನ್ನಲ್ಲಪ್ಪ. ಅವಳ ಕಾಲುಗಳನ್ನ."

ಕಟ್ಟೆಯ ಮೇಲಿದ್ದ ಕೆಲವರಿಗೆ ಒಳಗೊಳಗೆ ನಗು ಬಂತು. ಪಟೇಲ ಮೀಸೆ ತಿರುವಿ, ಬರುವ ಶುಕ್ರವಾರ ಆಗಲಿ ಅಂದ.

ನಡುವೆ ಈರಪ್ಪನಿಗೆ ತರೀಕೆರೆಯಲ್ಲಿ ಕೆಲಸವಿತ್ತು. ಹಳೆಯ ಮೇಷ್ಟರು ಓಂಕಾರಮೂರ್ತಿಗಳ ತೋಟದ ಕಾಯಿ ಸುಲಿಯುವುದು. ಮೇಷ್ಟರು ಊರೂರಿನ ಪ್ರವಚನ ಕೇಳಿದವರು, ಎದುರು ಕೂತು ಎಲೆಯಡಿಕೆ ಹಾಕುತ್ತಾ ಮಾತಿಗೆ ಎಳೆಯುವವರು. ಈರಪ್ಪ ಮೊನೆಯಿಂದ ಕೈ ತೆಗೆದು ಕೇಳಿಯೇಬಿಟ್ಟ.

"ಸ್ವಾಮಿ, ದೇವರು ಹೇಳಿದ್ದು ಯಾವುದು, ನಾವು ಅಂದ್ಕೊಂಡಿದ್ದು ಯಾವುದು ಅಂತ ಗೊತ್ತಾಗೋದು ಹೆಂಗೆ?"

ಮೇಷ್ಟರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದರು. "ಒಬ್ಬರು ಹೇಳ್ತಾರೆ, ಭಕ್ತಿ ಇದ್ರೆ ಗೊತ್ತಾಗತ್ತೆ ಅಂತ. ಇನ್ನೊಬ್ಬರು, ಶಾಸ್ತ್ರ ಓದಿದ್ರೆ ಅಂತಾರೆ. ಮತ್ತೊಬ್ಬರು, ನೀನೇ ಅವನು, ಇನ್ನು ಕೇಳೋದೇನು ಅಂತಾರೆ. ನಾನು ಮೂರೂ ಕಡೆ ಕೂತು ಎದ್ದು ಬಂದೆ." ಒಂದು ಒಣಕಾಯಿಯನ್ನು ಅವನ ಕೈಗೆ ಕೊಟ್ಟರು. "ಅಲ್ಲಾಡಿಸಿ ಹೇಳು, ಒಳಗೇನಿದೆ?"

ಈರಪ್ಪ ಅಲ್ಲಾಡಿಸಿದ. "ಉಂಡೆ ಬಿಟ್ಟದೆ."

"ನಿನಗೆ ಗೊತ್ತಾಯ್ತು. ಈಗ ಆ ಕಾಯಿನ ಕೇಳು, ನಿನ್ನ ಅಲ್ಲಾಡಿಸಿದ್ದು ಯಾರು, ಕೈಯೋ ಗಾಳಿಯೋ ಅಂತ."

ಈರಪ್ಪ ಆ ಕಾಯಿಯನ್ನು ಮೊನೆಗೆ ಚುಚ್ಚದೆ ಪಕ್ಕಕ್ಕೆ ಇಟ್ಟ. ಮೇಷ್ಟರು ಇದನ್ನು ಸಮಾಧಾನಕ್ಕೆ ಹೇಳಿದರೋ ಹೆದರಿಸುವುದಕ್ಕೆ ಹೇಳಿದರೋ ತಿಳಿಯಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದಿದ್ದವನಿಗೆ ಬಸ್ಸು ಕುಲುಕಿದಾಗಲೆಲ್ಲ ಬೆನ್ನು ಜುಂ ಅಂದಿತು.

ಶುಕ್ರವಾರ ಬಂತು. ಇಬ್ಬರೂ ಉಪವಾಸವಿದ್ದು, ಒದ್ದೆ ಪಂಚೆಯಲ್ಲಿ ಬಂದು ನಿಂತರು. ಹುಲಿಗೆಮ್ಮ ಗುಡಿಯ ಕಂಬಕ್ಕೆ ಒರಗಿ, ಸೆರಗು ಬಿಗಿದು, ಕಣ್ಣು ನೆಲದ ಮೇಲಿಟ್ಟಿದ್ದಳು. ಗೂಟ ಸಿಗದಿರಲಿ ಅಂತ ಈರಪ್ಪ ಬೇಡಿಕೊಂಡ. ಬೇಡಿಕೊಂಡ ಕೂಡಲೇ ಯಾರಲ್ಲಿ ಬೇಡಿಕೊಂಡೆ ಅಂತ ಹೆದರಿದ. ಸಿಕ್ಕರೆ ಅತ್ತಿಗೆ ಹೋಗುತ್ತಾಳೆ. ಸಿಗದಿದ್ದರೆ ತಾನೂ ತನ್ನಪ್ಪನೂ ಇಷ್ಟು ಕಾಲ ಹೊತ್ತದ್ದು ಏನನ್ನು?

"ಗೂಟ ಎಲ್ಲದೆ ತಾಯಿ, ತೋರ್ಸು," ಅಂದ ಕಲ್ಲೇಶಪ್ಪ.

ಅಡ್ಡೆ ಕದಲಲಿಲ್ಲ.

ಮತ್ತೆ ಕೇಳಿದರು. ತಮಟೆ ಬಡಿದರು, ನಿಲ್ಲಿಸಿದರು. ಅಡ್ಡೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಈರಪ್ಪ ನೂಕಿಗಾಗಿ ಕಾದ. ಗಳುವಿನ ಮೂಲಕ ಚಿಕ್ಕಬೀರಪ್ಪನ ನಡುಕ ಅವನ ಹೆಗಲಿಗೆ ಬರುತ್ತಿತ್ತು, ಅಷ್ಟೇ. ಅವನೂ ತನ್ನ ಹಾಗೆಯೇ ಕಾಯುತ್ತಿದ್ದಾನೆ ಅನ್ನಿಸಿತು. ಬಿಸಿಲು ಗುಡಿಯ ಮೆಟ್ಟಿಲಿನಿಂದ ಅಂಗಳಕ್ಕೆ ಇಳಿಯಿತು. ಕೊನೆಗೆ ಚಿಕ್ಕಬೀರಪ್ಪನ ಮೊಣಕಾಲು ಸೋತು ಅಡ್ಡೆ ವಾಲಿದಾಗ ನಾಲ್ಕು ಜನ ಓಡಿಬಂದು ಇಳಿಸಿಕೊಂಡರು.

"ಪರೀಕ್ಷೆ ಮಾಡಿದ್ರಿ, ಮುನ್ಕೊಂಡ್ಳು," ಅಂದ ಕಲ್ಲೇಶಪ್ಪ.

ಪಟೇಲ ಹನುಮಂತಪ್ಪ ಕೆಟ್ಟವನಲ್ಲ. "ಮಾತು ಮಾತೇ. ಗೂಟ ಸಿಗ್ಲಿಲ್ಲ, ಹುಲಿಗೆಮ್ಮ ಊರು ಬಿಡೋದು ಬ್ಯಾಡ," ಅಂದ. ಗುಂಪಿನಲ್ಲಿ ಗೊಣಗಾಟ ಎದ್ದಿತು. "ಆದ್ರೆ ಕಳ್ಳಿ ಅನ್ನೋ ಮಾತು ಹೋಗ್ಬೇಕಲ್ಲ. ನಾಳೆ ಬೆಳಿಗ್ಗೆ ಈರಪ್ಪ ಅಮ್ಮನ ಮುಂದೆ ನಿಂತು ಹೇಳ್ಲಿ. ಮೊದಲ ಸಲ ಅವಳ ಬಾಗಿಲಿಗೆ ಹೋದದ್ದು ಅಮ್ಮ ಅಲ್ಲ ಅಂದ್ರೆ ಬಾವಿಗೂ ಬಿಡ್ತೀವಿ, ಈ ಮಾತು ಇನ್ಯಾರೂ ಎತ್ತಂಗಿಲ್ಲ."

ಈರಪ್ಪನಿಗೆ ಎದೆಯಿಂದ ಒಂದು ಚಪ್ಪಡಿ ಸರಿದಂತಾಯಿತು. ಈಗ ಗೊತ್ತಾಯಿತಲ್ಲ. ಹೊತ್ತ ಇಬ್ಬರಿಗೂ ಗೊತ್ತಿಲ್ಲದ್ದನ್ನು ಕೇಳಿದಾಗ ಯಾರೂ ನೂಕಲಿಲ್ಲ. ಅಂದರೆ ಆವತ್ತು ನೂಕಿದ್ದು ಕಲ್ಲೇಶಪ್ಪನ ಮಾತು, ಬಾವಿಯ ಎತ್ತನ್ನು ಹುಡುಕಿದ್ದು ಬಹುಶಃ ಬೇಲಿಯಲ್ಲಿ ಕಂಡ ಗೊರಸಿನ ಗುರುತು. ಅಮ್ಮನನ್ನು ಕಳೆದುಕೊಂಡ ದುಃಖ ಒಂದು ಕಡೆ, ಅತ್ತಿಗೆ ಉಳಿದಳು ಅನ್ನುವ ನೆಮ್ಮದಿ ಇನ್ನೊಂದು ಕಡೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಮನೆಗೆ ಹೋದ.

ಹುಲಿಗೆಮ್ಮ ರಾಗಿ ಬೀಸುತ್ತಿದ್ದಳು.

"ನಾಳೆ ಹೇಳ್ತೀನಿ ಅತ್ಗೆ. ಅದು ಅಮ್ಮ ಅಲ್ಲ, ನಾವೇ ಅಂತ. ಏನಾದ್ರೂ ಆಗ್ಲಿ."

"ಹೇಳಪ್ಪ. ನಿನ್ ಬಾಯಿಂದ ಬಂದ್ರೆ ಸಾಕು." ಅವಳ ಕಣ್ಣು ತುಂಬಿತು. ಬೀಸುವುದನ್ನು ನಿಲ್ಲಿಸದೆ ಹಿಟ್ಟಿನ ಕೈಯಿಂದಲೇ ಒರೆಸಿಕೊಂಡಳು.

ಆಗ ಅವನು ನೋಡಿದ. ಕಲ್ಲು ತಿರುಗುತ್ತಿತ್ತು. ಅವಳ ಮುಷ್ಟಿಯಲ್ಲಿ ಗೂಟ ಇತ್ತು.

"ಆಗ್ಲೇ ತಂದ್ಯಾ? ಎಲ್ಲಿ ಬಚ್ಚಿಟ್ಟಿದ್ದೆ?"

ಹುಲಿಗೆಮ್ಮ ಬಹಳ ದಿನಗಳ ಮೇಲೆ ಮೊದಲಿನ ಹಾಗೆ ನಕ್ಕಳು. "ಬಚ್ಚಿಟ್ಟಿದ್ರೆ ತಾನೆ ತರೋದು? ಇದು ಈ ಕಲ್ಲು ಬಿಟ್ಟು ಅಲ್ಲಾಡೇ ಇಲ್ಲ. ಎಲ್ಲೋ ಇಟ್ಟಿದ್ರೆ ನನ್ ಕಣ್ಣು ತಾನಾಗಿ ಆ ಕಡೆ ಹೋಗ್ತಿತ್ತು. ನೀವಿಬ್ರೂ ನನ್ ಕಣ್ಣು ನೋಡ್ತಿದ್ರಿ, ಊರೂ ನೋಡ್ತಿತ್ತು. ಅಡ್ಡೆ ಕಣ್ಣಿನ ಹಿಂದೇನೇ ಬರೋದು ಕಣೋ. ಅದಕ್ಕೇ ಏನೂ ಬಚ್ಚಿಡ್ಲಿಲ್ಲ. ಇಲ್ಲದ್ದನ್ನ ಯಾರು ಹುಡುಕ್ತಾರೆ, ಎಲ್ಲಿಗೆ ಹೋಗ್ತಾರೆ?"

ಈರಪ್ಪ ನಗುವುದಕ್ಕೆ ಬಾಯಿ ತೆರೆದ. ನಗು ಬರಲಿಲ್ಲ.

ಕಳೆದದ್ದೇ ಇರಲಿಲ್ಲ. ಹುಡುಕುವುದಕ್ಕೆ ಏನೂ ಇಲ್ಲ ಅಂತ ಅತ್ತಿಗೆಯನ್ನು ಬಿಟ್ಟು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ತನಗಿಲ್ಲ, ಚಿಕ್ಕಬೀರಪ್ಪನಿಗಿಲ್ಲ. ಆದರೂ ಅಡ್ಡೆ ನಿಂತಿತ್ತು. ಒಂದು ಹೆಜ್ಜೆಯನ್ನೂ ಇಡದೆ, ಇಡೀ ಮಧ್ಯಾಹ್ನ ನಿಂತಿತ್ತು. ಅದೇ ಸರಿಯಾದ ಉತ್ತರ.

ಹಾಗಾದರೆ ಅಮ್ಮನಿಗೆ ಗೊತ್ತಿತ್ತು.

ಇವತ್ತು ಗೊತ್ತಿದ್ದವಳಿಗೆ ಆವತ್ತೂ ಗೊತ್ತಿರಬೇಕು.

ಅವನು ಹುಲಿಗೆಮ್ಮನ ಮುಖ ನೋಡಿದ. ದೀಪದ ಬೆಳಕಿನಲ್ಲಿ ಅರ್ಧ ಕಾಣುತ್ತಿತ್ತು, ಅರ್ಧ ಕಾಣುತ್ತಿರಲಿಲ್ಲ. ಚಿಕ್ಕಂದಿನಿಂದ ನೋಡಿದ ಮುಖ. ಅದರೊಳಗೆ ಏನಿದೆ ಅಂತ ತಿಳಿಯುವುದಕ್ಕೆ ಅಲ್ಲಾಡಿಸಿ ನೋಡುವಂತಿರಲಿಲ್ಲ. ಅವಳು ಇನ್ನೂ ಏನೋ ಹೇಳುತ್ತಿದ್ದಳು. ಅವನಿಗೆ ಕಲ್ಲು ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು.

ಬೆಳಿಗ್ಗೆ ಅಮ್ಮನ ಮುಂದೆ ನಿಲ್ಲಿಸಿ ಪಟೇಲ ಕೇಳಿದ. "ಹೇಳು ಈರಪ್ಪ. ಹುಲಿಗೆಮ್ಮನ ಬಾಗಿಲಿಗೆ ಹೋದದ್ದು ಅಮ್ಮನೋ, ನೀವೋ?"

ಕಪ್ಪು ತೂತಿನ ಆ ಹಿತ್ತಾಳೆ ಮುಖವನ್ನು ಈರಪ್ಪ ನೋಡಿದ. ಕಂಬದ ಹತ್ತಿರ ನಿಂತಿದ್ದ ಅತ್ತಿಗೆಯನ್ನು ನೋಡಲಿಲ್ಲ.

"ನನಗೆ ಗೊತ್ತಿಲ್ಲ," ಅಂದ.

ಅದು ಸತ್ಯವೇ. ಅವನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಸತ್ಯವನ್ನು ಅವನು ಆಡಿರಲಿಲ್ಲ. ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು ಗುಡಿಯಂಗಳದಿಂದ ಇಳಿದು ಹೋದಳು. ಪೊರಕೆ ಕಂಬಕ್ಕೆ ಒರಗಿ ಅಲ್ಲೇ ಉಳಿಯಿತು.

ಅವಳು ಊರು ಬಿಡಲಿಲ್ಲ. ಬಿಡಬೇಕಾಗಿಲ್ಲ ಅಂತ ಪಟೇಲ ಮಾತು ಕೊಟ್ಟಿದ್ದನಲ್ಲ. ಆದರೆ ಬಾವಿ ಅವಳ ಪಾಲಿಗೆ ತೆರೆಯಲಿಲ್ಲ. ಕೋಡಿಯ ಕೆಳಗಿನ ಗುಂಡಿಯಿಂದ ನೀರು ಹೊತ್ತಳು. ರಾಗಿ ಬೀಸಲು ಕೊಡುವವರು ಕಡಿಮೆಯಾದರು. ಸೀಮಂತಕ್ಕೆ, ತೊಟ್ಟಿಲಿಗೆ ಅವಳನ್ನು ಯಾರೂ ಕರೆಯಲಿಲ್ಲ. ಈರಪ್ಪನ ಹೆಂಡತಿ ಕರಿಬಸಮ್ಮ ಸಾರು ಕೊಟ್ಟುಬರಲು ಹೋದರೆ ಹುಲಿಗೆಮ್ಮ ಇಸಿದುಕೊಳ್ಳುತ್ತಿದ್ದಳು. ಈರಪ್ಪ ಹೋದರೆ ಒಳಗೆ ಎದ್ದು ಹೋಗುತ್ತಿದ್ದಳು. ಗೋಡೆಯಾಚೆ ಬೀಸುಕಲ್ಲಿನ ಸದ್ದು ಕೇಳಿದಾಗಲೆಲ್ಲ ಅವನು ಊಟದ ತಟ್ಟೆಯ ಮುಂದೆ ಕೈ ನಿಲ್ಲಿಸುತ್ತಿದ್ದ.

"ಹೋಗಿ ಕೇಳಬಾರ್ದಾ? ತಗೊಂಡ್ಯಾ ಇಲ್ವಾ ಅಂತ ಒಂದು ಮಾತು," ಅನ್ನುತ್ತಿದ್ದಳು ಕರಿಬಸಮ್ಮ.

"ಇಲ್ಲ ಅಂತಾಳೆ. ಆಮ್ಯಾಲೆ?"

ಮೂಗುಬಟ್ಟು ಸಿಗಲೇ ಇಲ್ಲ. ಹೊಸದು ಮಾಡಿಸಿದರು. ಅಡ್ಡೆ ಮತ್ತೆ ಎದ್ದಿತು, ಈರಪ್ಪನೇ ಹೊತ್ತ, ನೂಕೂ ಬಂತು. ಕೆರೆಯಲ್ಲಿ ಮೈ ತೊಳೆಯುವಾಗ ಅವನೂ ಚಿಕ್ಕಬೀರಪ್ಪನೂ ಈಗ ಬೇರೆಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು.

ಊರಿಗೆ ಕರೆಂಟಿನ ಕಂಬ ನೆಡುತ್ತಿದ್ದ ವರ್ಷ ಹುಲಿಗೆಮ್ಮ ಸತ್ತಳು. ಬೆಳಿಗ್ಗೆ ಕಲ್ಲಿನ ಸದ್ದು ಬರದಿದ್ದಾಗ ಗೊತ್ತಾಯಿತು. ಹೊರುವುದಕ್ಕೆ ನಾಲ್ಕು ಹೆಗಲು ಬೇಕು. ಮುಂದೆ ಬಲಕ್ಕೆ ಮೈದುನ ಈರಪ್ಪ ನಿಂತ. ಹಿಂದೆ ಬಲಕ್ಕೆ, ಯಾರೂ ಕರೆಯದೆ, ಚಿಕ್ಕಬೀರಪ್ಪ ಬಂದು ನಿಂತ. ಎಡಕ್ಕೆ ಅವರ ಓಣಿಯ ಇಬ್ಬರು.

ಸ್ಮಶಾನ ಊರಿನ ಪಡುವಲಿಗೆ. ಕುಂಬಾರರ ಮೂಲೆಯಲ್ಲಿ ಎಡಕ್ಕೆ ತಿರುಗಬೇಕು. ಈರಪ್ಪ ಕಣ್ಣು ಅರೆಮುಚ್ಚಿ, ಅಭ್ಯಾಸದಂತೆ ಕಾಯಿ ರಾಶಿಯನ್ನು ನೆನೆಯುತ್ತಾ ನಡೆಯುತ್ತಿದ್ದ. ಮೂಲೆಗೆ ಬಂದಾಗ ಹಿಂದಿನಿಂದ ಮೆಲ್ಲಗೆ ಒಂದು ನೂಕು ಬಂತು.

ಚಟ್ಟ ಬಲಕ್ಕೆ ತಿರುಗಿತು. ಎಡಗಡೆಯ ಇಬ್ಬರು ಕಾಲು ಬದಲಿಸುವಷ್ಟರಲ್ಲಿ ಕಟ್ಟೆ ದಾಟಿತ್ತು. ಹಿಂದೆ ಬರುತ್ತಿದ್ದವರ ತಮಟೆ ತಡವರಿಸಿ ನಿಂತಿತು. ಅಂಗಳಕ್ಕೆ ಏರಿ, ಹೆಣವಿದ್ದ ದಿನವಾದ್ದರಿಂದ ಮುಚ್ಚಿದ್ದ ಕೋಡಿಯಮ್ಮನ ಬಾಗಿಲಿಗೆ ಚಟ್ಟದ ತುದಿ ಬಡಿಯಿತು. ಒಣ ಮರಕ್ಕೆ ಒಣ ಬಿದಿರು ಬಡಿದ ಸದ್ದು.

ಬಾಗಿಲ ಒಳಗೆ ಏನೂ ಕದಲಲಿಲ್ಲ.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಈರಪ್ಪ ತಿರುಗಿ ನೋಡಿದ. ನಡುವೆ ಸೀರೆಯ ಮರೆ ಇರಲಿಲ್ಲ. ಹುಲಿಗೆಮ್ಮನ ಮುಚ್ಚಿದ ಕಣ್ಣು, ಅದರಾಚೆ ಚಿಕ್ಕಬೀರಪ್ಪನ ಮುಖ.

"ಈರ, ಇಲ್ಲಿಗ್ಯಾಕೋ ಎಳ್ಕೊಂಡ್ ಬಂದೆ?" ಅಂದ ಚಿಕ್ಕಬೀರಪ್ಪ, ಉಸಿರಿಗಿಂತ ಸಣ್ಣಗೆ.